ಹೆಡ್‌ಲೈಟ್ ಒಳಗೆ ನೀರಾ? ಮೊದಲು ಅದರ ಬೆನ್ನು ನೋಡಿ

ಮಳೆ ಶುರುವಾಯಿತು ಅಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ವಿಷಯ ಗ್ಯಾರಂಟಿ. ಒಂದು, ಬೇಸ್‌ಮೆಂಟ್ ಸೋರುತ್ತಿದೆ. ಇನ್ನೊಂದು, ಕಾರಿನ ಹೆಡ್‌ಲೈಟ್ ಒಳಗೆ ಮಂಜು ಕಟ್ಟಿದೆ, ಏನು ಮಾಡೋದು? ಮೊದಲನೆಯದಕ್ಕೆ ಬಿಲ್ಡರನ್ನು ಬೈದು ಸುಮ್ಮನಾಗುತ್ತೇವೆ. ಎರಡನೆಯದಕ್ಕೆ ಮಾತ್ರ ಊರೆಲ್ಲಾ ಡಾಕ್ಟರು. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅಂತ ಒಬ್ಬರು. ಸುತ್ತಲೂ ಸಿಲಿಕೋನ್ ಬಳಿದುಬಿಡಿ ಅಂತ ಇನ್ನೊಬ್ಬರು. ಕೆಳಗಡೆ ಸಣ್ಣ ತೂತು ಕೊರೆಸಿ, ನೀರು ತಾನಾಗಿ ಇಳಿದುಹೋಗುತ್ತದೆ ಅಂತ ಮತ್ತೊಬ್ಬರು. ಸರ್ವೀಸ್ ಸೆಂಟರಿಗೆ ಹೋದರೆ ಅಲ್ಲಿ ಒಂದೇ ಮಾತು: ಅಸೆಂಬ್ಲಿ ಚೇಂಜ್ ಮಾಡ್ಬೇಕು ಸರ್. ಅಂದರೆ ಇಡೀ ಹೆಡ್‌ಲೈಟೇ ಹೊಸದು.

ನನ್ನ ತಕರಾರು ಇರುವುದು ಈ ನಾಲ್ಕರ ಮೇಲೂ. ಹೆಡ್‌ಲೈಟ್ ಅಂದರೆ ಗಾಳಿ ಆಡದ ಹಾಗೆ ಮುಚ್ಚಿದ ಡಬ್ಬಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಿಲ್ಲ. ಹಿಂದೆ ಸೀಲ್ಡ್ ಬೀಮ್ ಅಂತ ಬರುತ್ತಿತ್ತು. ಗಾಜು, ಬೆಳಕನ್ನು ಮುಂದಕ್ಕೆ ತಳ್ಳುವ ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲ ಒಂದೇ ತುಂಡು. ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕಿತ್ತು. ಈಗ ನಮ್ಮ ಕಾರುಗಳಲ್ಲಿರುವುದು ಅದಲ್ಲ. ಮುಂದೆ ಪಾಲಿಕಾರ್ಬೊನೇಟ್ ಲೆನ್ಸ್, ಹಿಂದೆ ಪ್ಲಾಸ್ಟಿಕ್ ಹೌಸಿಂಗ್, ಎರಡರ ನಡುವೆ ಅಂಟು. ಹೌಸಿಂಗಿನ ಬೆನ್ನಲ್ಲಿ ಬೇಕಂತಲೇ ಇಟ್ಟಿರುವ ಗಾಳಿಕಿಂಡಿಗಳು. ಮೆಕ್ಯಾನಿಕ್‌ಗಳು ಇದಕ್ಕೆ ಬ್ರೀದರ್ ಅಂತಾರೆ. ಕೆಲವು ಕಾರಿನಲ್ಲಿ ಅದು ಕೆಳಕ್ಕೆ ಬಾಗಿದ ಚಿಕ್ಕ ರಬ್ಬರ್ ಕೊಳವೆ. ಕೆಲವದರಲ್ಲಿ ನಾಣ್ಯದಗಲದ ಒಂದು ಸ್ಟಿಕರ್ ತರ ಕಾಣುತ್ತದೆ. ಅದು ಸ್ಟಿಕರ್ ಅಲ್ಲ, ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆ. ಕಿತ್ತು ಬಿಸಾಕಬೇಡಿ.

ಕಿಂಡಿ ಯಾಕೆ ಬೇಕು? ದೀಪ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. 25 ಡಿಗ್ರಿಯಿಂದ 60 ಡಿಗ್ರಿಗೆ ಹೋದರೆ ಸುಮಾರು ಶೇಕಡ 12ರಷ್ಟು ಹಿಗ್ಗುತ್ತದೆ. ಒಳಗೆ 5 ಲೀಟರ್ ಗಾಳಿ ಇದ್ದರೆ ಅರ್ಧ ಲೀಟರಿಗೂ ಜಾಸ್ತಿ ಹೊರಗೆ ಹೋಗಬೇಕು. ದೀಪ ಆರಿಸಿದ ಮೇಲೆ ಅಷ್ಟೇ ಗಾಳಿ ವಾಪಸ್ ಬರಬೇಕು. ಬ್ರೀದರ್ ಸರಿ ಇದ್ದರೆ ಅದರ ಮೂಲಕವೇ ಬರುತ್ತದೆ. ಕಟ್ಟಿಕೊಂಡಿದ್ದರೆ, ಎಲ್ಲಿ ಸಂದಿ ಇದೆಯೋ ಅಲ್ಲಿಂದ ಎಳೆದುಕೊಳ್ಳುತ್ತದೆ. ಆ ಸಂದಿಯ ಮೇಲೆ ಮಳೆನೀರು ನಿಂತಿದ್ದರೆ ಗಾಳಿಯ ಜೊತೆ ನೀರನ್ನೂ ಹೀರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಮುಳುಗಿತಲ್ಲ, ಅಂಥ ನೀರಿನಲ್ಲಿ ದೀಪ ಹಾಕಿಕೊಂಡು ಕಾರು ಇಳಿಸಿದರೆ ಆಗುವುದೂ ಇದೇ. ಬಿಸಿ ಹೆಡ್‌ಲೈಟ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಸಣ್ಣ ಸಂದಿ ಸಿಕ್ಕರೂ ಸಾಕು, ಕೆಸರುನೀರು ಒಳಗೆ.

ಹಾಗಾಗಿ ಸ್ವಲ್ಪ ಮಂಜು ಕಂಡ ತಕ್ಷಣ ಗಾಬರಿಯಾಗಬೇಕಿಲ್ಲ. ಬೆಂಗಳೂರಿನ ಹವಾ ಗೊತ್ತಲ್ಲ. ಸಂಜೆ ಮಳೆ, ರಾತ್ರಿ ತಂಪು. ಒಳಗಿನ ಗಾಳಿಯಲ್ಲಿರುವ ತೇವ ತಣ್ಣನೆಯ ಲೆನ್ಸಿಗೆ ತಾಗಿ ತೆಳ್ಳಗೆ ಕೂರುತ್ತದೆ. ದೀಪ ಹಾಕಿ ಸ್ವಲ್ಪ ದೂರ ಓಡಿಸಿದರೆ, ಇಲ್ಲವೇ ಬಿಸಿಲಿಗೆ ನಿಲ್ಲಿಸಿದರೆ ಹೋಗುತ್ತದೆ. ಎಲ್‌ಇಡಿ ಹೆಡ್‌ಲೈಟಿನಲ್ಲಿ ಹೋಗುವುದು ತಡ. ಹ್ಯಾಲೊಜೆನ್ ಎಚ್4 ಬಲ್ಬು 60/55 ವ್ಯಾಟ್ ತಿನ್ನುತ್ತದೆ, ಅದರ ಶಾಖ ಮುಂದಕ್ಕೂ ಬಂದು ಲೆನ್ಸ್ ಬೆಚ್ಚಗಾಗುತ್ತದೆ. ಎಲ್‌ಇಡಿಯ ಶಾಖ ಬಹುಪಾಲು ಹಿಂದಿನ ಹೀಟ್‌ಸಿಂಕಿಗೆ, ಅಂದರೆ ಶಾಖ ಹೀರುವ ಲೋಹದ ತುಂಡಿಗೆ ಹೋಗುತ್ತದೆ. ಲೆನ್ಸ್ ತಣ್ಣಗೇ ಉಳಿಯುತ್ತದೆ. ಹೊಸ ಕಾರು, ದುಬಾರಿ ಎಲ್‌ಇಡಿ, ಆದರೂ ಮಂಜು ಅಂತ ಕಂಗಾಲಾಗುವವರು ಇದನ್ನು ತಿಳಿದಿದ್ದರೆ ಅರ್ಧ ತಲೆನೋವು ಕಡಿಮೆ.

ಯಾವುದು ಮಾಮೂಲಿ, ಯಾವುದು ರಿಪೇರಿ ಅಂತ ನೋಡಲು ನಾನು ಮೊದಲು ಎರಡೂ ಕಡೆ ನೋಡುತ್ತೇನೆ. ಎರಡು ಹೆಡ್‌ಲೈಟಿನಲ್ಲೂ ಒಂದೇ ತರ ತೆಳು ಮಂಜಿದ್ದರೆ ಅದು ಹವಾಮಾನ. ಒಂದೇ ಕಡೆ ಇದ್ದರೆ ಆ ಕಡೆ ಏನೋ ಎಡವಟ್ಟಾಗಿದೆ. ದಪ್ಪ ಹನಿ, ಇಳಿದ ನೀರಿನ ಗೆರೆ, ತಳದಲ್ಲಿ ನಿಂತ ನೀರು ಕಂಡರೆ ಸೋರಿಕೆ ಇದೆ ಅಂತಲೇ ಲೆಕ್ಕ. ಅದನ್ನು ಬಿಸಿಲು ಗುಣಪಡಿಸುವುದಿಲ್ಲ. ಒಣಗಿಸುತ್ತದೆ, ಮುಂದಿನ ಮಳೆಗೆ ಮತ್ತೆ ಹಾಜರ್.

ನಮ್ಮ ಭಾವಮೈದುನನ ಕಾರಿಗೆ ಆಗಿದ್ದು ಹೀಗೆ. ಎಡಗಡೆ ಹೆಡ್‌ಲೈಟಿನ ತಳದಲ್ಲಿ ಬೆರಳಗಲ ನೀರು. ಬ್ರೇಕ್ ಹಾಕಿದರೆ ಒಳಗೆ ತುಳುಕುವುದು ಕಾಣುತ್ತಿತ್ತು. ಸರ್ವೀಸಿಗೆ ಕೊಟ್ಟರೆ ಬಾನೆಟ್ ಕೂಡ ಪೂರ್ತಿ ಎತ್ತದೆ ಅಸೆಂಬ್ಲಿಗೆ ಕೊಟೇಶನ್ ಬಂತು. ನೆಗಡಿ ಬಂತು ಅಂತ ಮೂಗು ಕೊಯ್ಯುವ ವೈದ್ಯ ಇದು. ಬೇಡ ಅಂತ ಹೇಳಿ ನಾನೇ ಅವನನ್ನು ಜೆ.ಸಿ. ರೋಡಿನ ಹಿಂದಿನ ಗಲ್ಲಿಯಲ್ಲಿರುವ ಒಬ್ಬ ಹಳೆ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದೆ. ಆತ ಮುಂದಿನ ಲೆನ್ಸ್ ಕಡೆ ತಿರುಗಿಯೂ ನೋಡಲಿಲ್ಲ. ಕೈ ಹಿಂದಕ್ಕೆ ಹಾಕಿ ತಡಕಾಡಿದ. ಬಂಪರ್ ಸಡಿಲಿಸಿ ಹೆಡ್‌ಲೈಟ್ ಹೊರಗೆ ತೆಗೆದ. ಬಲ್ಬಿನ ಹಿಂದೆ ಒಂದು ದುಂಡನೆಯ ರಬ್ಬರ್ ಕ್ಯಾಪ್ ಇರುತ್ತದೆ ನೋಡಿ, ಅದನ್ನು ಯಾರೋ ಬ್ಲೇಡಿನಲ್ಲಿ ಅಡ್ಡಡ್ಡ ಸೀಳಿದ್ದರು. ಸೀಳಿನಿಂದ ಹೊರಗೆ ಇಣುಕುತ್ತಿದ್ದದ್ದು ಆಮೇಲೆ ಹಾಕಿಸಿದ್ದ ಎಲ್‌ಇಡಿ ಬಲ್ಬನ್ನು ತಣ್ಣಗಿಡುವ ಫ್ಯಾನು.

ಸೋರಿಕೆ ಅಲ್ಲೇ ಅಂತ ಖಾತ್ರಿ ಮಾಡಿಕೊಳ್ಳಲು ಆತ ಮಾಡಿದ ಕೆಲಸ ನನಗೆ ಬಹಳ ಇಷ್ಟವಾಯಿತು. ಮಗ್ಗಿನಲ್ಲಿ ಸೋಪಿನ ನೀರು ಕಲಸಿದ. ಹಳೆ ಪೇಂಟ್ ಬ್ರಷ್ಷಿನಲ್ಲಿ ಲೆನ್ಸಿನ ಅಂಚಿಗೆ, ಮೂಲೆಗಳಿಗೆ, ರಬ್ಬರ್ ಕ್ಯಾಪಿಗೆ ಬಳಿದ. ಒಂದು ಬ್ರೀದರನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದಕ್ಕೆ ಸಣ್ಣ ಪೈಪ್ ಸಿಕ್ಕಿಸಿ ಮೆಲ್ಲಗೆ ಬಾಯಲ್ಲಿ ಊದಿದ. ಲೆನ್ಸಿನ ಅಂಚಿನಲ್ಲಿ ಒಂದು ಗುಳ್ಳೆ ಇಲ್ಲ. ಕ್ಯಾಪಿನ ಸೀಳಿನಲ್ಲಿ ಮಾತ್ರ ನೊರೆ ಉಕ್ಕಿತು. ಕಂಪ್ರೆಸರ್ ಯಾಕೆ ಹಿಡಿಯಲಿಲ್ಲ ಅಂತ ಕೇಳಿದೆ. ಜಾಸ್ತಿ ಗಾಳಿ ಕೊಟ್ಟರೆ ಚೆನ್ನಾಗಿರುವ ಅಂಟೂ ಬಿಡುತ್ತದೆ ಅಂದ. ಹೊಸ ಕ್ಯಾಪ್ ಹಾಕಿ, ಹ್ಯಾಲೊಜೆನ್ ಬಲ್ಬ್ ವಾಪಸ್ ಹಾಕಿ, ಕೆಲಸ ಮುಗಿಸಿದ. ಕೊಟೇಶನ್ನಿನಲ್ಲಿದ್ದ ಮೊತ್ತದ ಪಕ್ಕ ಅವನ ಕೂಲಿ ಲೆಕ್ಕಕ್ಕೇ ಇಲ್ಲ.

ಈ ಬೆಳ್ಳನೆ ಎಲ್‌ಇಡಿ ಬಲ್ಬಿನ ಹುಚ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹ್ಯಾಲೊಜೆನ್‌ಗೆ ಅಂತ ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ನೈಸ್ ರೋಡಿನಲ್ಲಿ ರಾತ್ರಿ ಎದುರಿಗೆ ಬರುವವನ ಕಣ್ಣು ಹೋಗುತ್ತದೆ. ಹಿಂದಿನ ಫ್ಯಾನಿಗೆ ಜಾಗ ಸಾಲದೆ ಕ್ಯಾಪ್ ಕತ್ತರಿಸುತ್ತಾರೆ, ಇಲ್ಲವೇ ಕ್ಯಾಪ್ ಹಾಕದೇ ಬಿಡುತ್ತಾರೆ. ಬಿಲ್ಲಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಬರುವ ಮಳೆಗಾಲದಲ್ಲಿ ಮಂಜು ಕಟ್ಟಿದಾಗ ಕಂಪನಿ ಕಾರು ಸರಿಯಿಲ್ಲ ಅನ್ನುತ್ತೇವೆ, ಅಲ್ವಾ? ಕಾರು ತೊಳೆಯುವ ಪ್ರೆಶರ್ ಗನ್ ಕೂಡ ಕಡಿಮೆ ಏನಲ್ಲ. ಹತ್ತಿರದಿಂದ ಲೆನ್ಸಿನ ಅಂಚಿಗೆ ಹೊಡೆದರೆ ಹಳೆ ಅಂಟು ತಡೆಯುವುದಿಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕಾರು ಬದುಕುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ನೀರು ಬಂದ ಮೇಲೆ ಮರೆತೂ ಹೋಯಿತು.

ಕ್ಯಾಪ್ ಸರಿ ಇದ್ದರೆ ಮುಂದೆ ಬ್ರೀದರ್ ನೋಡಿ. ಮಣ್ಣು ಮೆತ್ತಿರುತ್ತದೆ, ಜೇಡರ ಬಲೆ ಇರುತ್ತದೆ, ಕೆಲವೊಮ್ಮೆ ಕೊಳವೆಯೇ ಕಳಚಿ ಬಿದ್ದಿರುತ್ತದೆ. ಆಮೇಲೆ ಬಲ್ಬ್ ಹೋಲ್ಡರಿನ ರಬ್ಬರ್ ರಿಂಗ್. ಪಾರ್ಕಿಂಗ್ ಲೈಟಿನ ಚಿಕ್ಕ ಹೋಲ್ಡರನ್ನು ಪೂರ್ತಿ ತಿರುಗಿಸಿ ಲಾಕ್ ಮಾಡದೇ ಬಿಟ್ಟಿರುವುದು ತುಂಬಾ ಸಾಮಾನ್ಯ. ಕೊನೆಗೆ ಹೌಸಿಂಗಿನ ಕಿವಿಗಳು, ಅಂದರೆ ಬೋಲ್ಟ್ ಹಾಕುವ ಜಾಗ. ಸಿಗ್ನಲ್ಲಿನಲ್ಲಿ ಸ್ಕೂಟರಿನ ಹ್ಯಾಂಡಲ್ ತಾಗಿದ್ದು ಬಂಪರಿನಲ್ಲಿ ಬರೀ ಗೀರಾಗಿ ಕಾಣುತ್ತದೆ. ಒಳಗೆ ಕಿವಿಯ ಬುಡದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ.

ಕಾರಣ ಸರಿ ಮಾಡಿದ ಮೇಲೆ ಒಣಗಿಸಿ. ಮೊದಲು ಒಣಗಿಸಿ ಪ್ರಯೋಜನವಿಲ್ಲ. ಹಿಂದಿನ ಕ್ಯಾಪ್ ತೆಗೆದು ಬಿಸಿಲಿಗೆ ಇಡಿ, ಅಥವಾ ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ದೂರದಿಂದ ಗಾಳಿ ಬಿಡಿ. ಒಳಗೆ ಬಟ್ಟೆ ತೂರಿಸಿ ರಿಫ್ಲೆಕ್ಟರ್ ಒರೆಸಬೇಡಿ. ಆ ಕನ್ನಡಿಯಂಥ ಹೊಳಪು ತೀರಾ ತೆಳುವಾದ ಅಲ್ಯೂಮಿನಿಯಂ ಪದರ. ಉಜ್ಜಿದರೆ ಕೈಗೇ ಬರುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಎಣ್ಣೆಯಂಶ ಕೂತ ಜಾಗ ವಿಪರೀತ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ.

ಸಿಲಿಕಾ ಜೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊರಗಿನ ಗಾಳಿ ಸದಾ ಒಳಗೆ ಬರುವ ಜಾಗದಲ್ಲಿ ಆ ಪೊಟ್ಟಣ ಬೇಗ ತೇವ ಹೀರಿ ಸುಮ್ನೆ ಕೂರುತ್ತದೆ. ಬಲ್ಬಿಗೆ ತಾಗಿದರೆ ಸುಡುತ್ತದೆ. ತೂತು ಕೊರೆಸುವುದು ಇನ್ನೂ ಕೆಟ್ಟದ್ದು. ನೀರು ಇಳಿಯುತ್ತದೆ ನಿಜ. ನಮ್ಮ ಮೆಟ್ರೋ ಕಾಮಗಾರಿಯ ಧೂಳು ಅದೇ ದಾರಿಯಲ್ಲಿ ಮೇಲೆ ಹತ್ತುತ್ತದೆ. ಒಳಗೆ ಕೂತ ಆ ಧೂಳನ್ನು ಯಾವ ಡ್ರೈಯರೂ ತೆಗೆಯುವುದಿಲ್ಲ.

ಸಿಲಿಕೋನ್ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಾತ್‌ರೂಮ್ ಸಿಲಿಕೋನಿನಲ್ಲಿ ಹಲವು ಒಣಗುವಾಗ ಹುಳಿ ವಾಸನೆ ಬಿಡುತ್ತವೆ. ಅದು ಅಸಿಟಿಕ್ ಆಮ್ಲದ ವಾಸನೆ. ಆ ಆವಿ ಅಲ್ಯೂಮಿನಿಯಂ ಪದರಕ್ಕೆ ಒಳ್ಳೆಯದಲ್ಲ. ಜೊತೆಗೆ ಬಳಿಯುವವರು ಉತ್ಸಾಹದಲ್ಲಿ ಬ್ರೀದರಿಗೂ ಬಳಿದುಬಿಡುತ್ತಾರೆ. ಅಲ್ಲಿಗೆ ಒಳಗಿದ್ದ ನೀರು ಒಳಗೇ. ಲೆನ್ಸಿನ ಅಂಚೇ ಸೋರುತ್ತಿದ್ದರೆ ಸರಿಯಾದ ದಾರಿ ಅದನ್ನು ಬಿಸಿ ಮಾಡಿ ಬಿಡಿಸಿ, ಹಳೆ ಅಂಟು ಕೆರೆದು, ಹೊಸ ಬ್ಯೂಟೈಲ್ ಅಂಟು ಹಾಕುವುದು. ಇದನ್ನು ಮಾಡಿ ಕೈ ಪಳಗಿದವರೇ ಮಾಡಬೇಕು. ಕೆಲವು ಹೊಸ ಕಾರುಗಳ ಅಂಟು ಬಿಸಿಗೆ ಮೆತ್ತಗಾಗುವ ಜಾತಿಯದ್ದಲ್ಲ. ಎಬ್ಬಿಸಲು ಹೋದರೆ ಲೆನ್ಸೇ ಒಡೆಯುತ್ತದೆ.

ಅಸೆಂಬ್ಲಿ ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ರಿಫ್ಲೆಕ್ಟರಿನ ಹೊಳಪು ಚಕ್ಕೆ ಎದ್ದಿದ್ದರೆ, ಎಲ್‌ಇಡಿ ಬೋರ್ಡಿಗೆ ಹಸಿರು ಕಿಲುಬು ಹಿಡಿದಿದ್ದರೆ ಬೇರೆ ದಾರಿ ಇಲ್ಲ. ಗುದ್ದಿದ್ದರಿಂದ ಒಡೆದಿದ್ದರೆ ಇನ್ಶೂರೆನ್ಸ್ ಕೇಳಿ. ಸವಕಳಿ ಕಡಿತವಿಲ್ಲದ ಜೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಶೇಕಡ 50 ಕಡಿತವಾಗುತ್ತದೆ, ಅದು ಗೊತ್ತಿರಲಿ. ವಾರಂಟಿ ಇರುವವರು ಏನನ್ನೂ ಬಿಚ್ಚಬೇಡಿ, ಬಳಿಯಬೇಡಿ. ತೆಳು ಮಂಜು ಮಾಮೂಲಿ ಅಂತ ಎಷ್ಟೋ ಕಾರಿನ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತದೆ. ಕೌಂಟರಿನಲ್ಲಿ ಅದೇ ಸಾಲು ತೋರಿಸಿ ನಿಂತ ನೀರನ್ನೂ ಮಾಮೂಲಿ ಅಂದುಬಿಡುತ್ತಾರೆ. ಮಳೆ ನಿಂತ ಮಾರನೇ ದಿನ ಮಧ್ಯಾಹ್ನದ ಬಿಸಿಲಲ್ಲೂ ಹನಿ ಹಾಗೇ ಇದ್ದರೆ ಫೋಟೋ ತೆಗೆದುಕೊಂಡು ಹೋಗಿ. ಸರ್ವೀಸಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ 'ಒಳಗೆ ನೀರು ನಿಂತಿದೆ' ಅಂತಲೇ ಬರೆಸಿ. 'ಕಸ್ಟಮರ್ ಕಂಪ್ಲೇಂಟ್ ಫಾಗಿಂಗ್', ಅಂದರೆ ಬರೀ ಮಂಜು ಅಂತ ಬರೆದರೆ ಸಹಿ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿರುವವರು ಬಾನೆಟ್ ಎತ್ತಿದಾಗ ಎಂಜಿನ್ ಜೊತೆ ಹೆಡ್‌ಲೈಟಿನ ಬೆನ್ನಿಗೂ ಮೊಬೈಲ್ ಟಾರ್ಚ್ ಬಿಡಿ. ಅಂಚಿನಲ್ಲಿ ಮುದ್ದೆ ಮುದ್ದೆ ಸಿಲಿಕೋನ್ ಕಂಡರೆ ಅದನ್ನು ಯಾರೋ ಬಿಚ್ಚಿದ್ದಾರೆ. ಒಂದು ಹೆಡ್‌ಲೈಟ್ ಹೊಸದು, ಇನ್ನೊಂದು ಹಳದಿ ತಿರುಗಿದ್ದರೆ ಮುಂಭಾಗಕ್ಕೆ ಏಟು ಬಿದ್ದಿದೆಯಾ ಅಂತ ಕೇಳಿ. ಮಾಲೀಕರು ಮಾತು ಬದಲಿಸಿದರೆ ಚೌಕಾಸಿ ಅಲ್ಲಿಂದಲೇ ಶುರು ಮಾಡಿ.