ಸ್ವೆಟರ್ ಹೆಣೆದು ದುಡ್ಡು ಉಳಿಸಲು ಆಗುತ್ತದಾ?

"ಸ್ವೆಟರ್ ಮನೆಯಲ್ಲೇ ಹೆಣೆದುಕೊಂಡರೆ ಹಣ ಉಳಿಯುತ್ತದೆ" ಎಂದು ಬರೆದಿದ್ದೀರಿ ಮೇಡಂ, ಅದೊಂದು ಒಪ್ಪುವುದು ಕಷ್ಟ. ದೊಡ್ಡವರ ಸ್ವೆಟರ್‌ಗೆ ಸುಮಾರು ಅರ್ಧ ಕಿಲೋ ನೂಲು ಬೇಕು. ಅದೂ ಒಳ್ಳೆ ಕುರಿ ಉಣ್ಣೆಯೇ ಆಗಬೇಕು ಅಂದರೆ, ಆ ದುಡ್ಡಿಗೆ ಚಳಿಗಾಲದಲ್ಲಿ ಟಿಬೆಟಿಯನ್ನರ ಅಂಗಡಿ ಸಾಲಿನಲ್ಲಿ ರೆಡಿಮೇಡ್ ಸ್ವೆಟರೇ ಸಿಗುತ್ತದೆ, ಜೊತೆಗೆ ಟೋಪಿಗೂ ಮಿಗಬಹುದು. ಅಂದ ಹಾಗೆ ಅವನ್ನೂ ನೀವು ಕೈಹೆಣಿಗೆ ಅಂದಿದ್ದೀರಿ. ಹೆಚ್ಚಿನವು ಪಂಜಾಬಿನ ಲೂಧಿಯಾನದಲ್ಲಿ ಮಷೀನಿನಲ್ಲಿ ತಯಾರಾದವು, ವ್ಯಾಪಾರಿಗಳು ಅಲ್ಲಿಂದ ಸಗಟಾಗಿ ತರುತ್ತಾರೆ. ಬೆಚ್ಚಗಿದ್ದರೆ ಸಾಕು ಅನ್ನುವವರಿಗೆ ಅದೇ ಜಾಣ ಖರೀದಿ.

ನಾನು ಹೆಣೆಯುವುದು ಸುಮ್ನೆ ಖುಷಿಗೆ. ಅಗ್ಗ ಬೇಕಾದಾಗ ಅಕ್ರಿಲಿಕ್ ನೂಲು ತರುತ್ತೇನೆ, ಅದನ್ನು ಒಗೆಯುವುದೂ ಸುಲಭ. ಆದರೆ ಅಂಗಡಿಯಲ್ಲಿ ಉಳಿಕೆ ನೂಲು ಕಡಿಮೆಗೆ ಸಿಕ್ಕಿತು ಅಂತ ಚೌಕಾಸಿ ಮಾಡಿ ಗೆದ್ದವರು ಉಂಡೆಗಳ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ನೂಲಿಗೆಲ್ಲ ಕೊಡುವ ಸಂಖ್ಯೆ) ಒಂದೇ ಇದೆಯಾ ಅಂತ ನೋಡಿಕೊಳ್ಳಬೇಕು, ಇಲ್ಲದಿದ್ದರೆ ತೋಳು ಒಂದು ನೀಲಿ, ಮೈ ಇನ್ನೊಂದು ನೀಲಿ ಆಗುತ್ತದೆ, ಆಮೇಲೆ ಉಳಿತಾಯ ಎಲ್ಲಿ ಬಂತು?

ಹೋಟೆಲ್ ಊಟ ದುಂದು ಅಲ್ಲ ಅಂದಿರಲ್ಲ, ಅದಕ್ಕೆ ಮಾತ್ರ ಪೂರ್ತಿ ಒಪ್ಪಿಗೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಶಾಪಿಂಗ್ ಮುಗಿಸಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವಾಗ ನಾಲ್ಕು ಸಾಲು ಹೆಣಿಗೆಯೂ ಆಗುತ್ತದೆ. ಜನ ಸ್ವಲ್ಪ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ. ಶುಕ್ರವಾರ ಮಾತ್ರ ಹೋಗಬೇಡಿ, ಅವತ್ತು ಅಲ್ಲಿ ರಜಾ.