ಅಜ್ಜನ ದವಡೆಗೊಂದು ಬ್ಯಾಜು

ಪಾತ್ರೆ ತೊಳೆದು, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಗ್ಯಾಸ್ ಆಫ್ ಮಾಡಿದೀನಾ ಅಂತ ಎರಡನೇ ಸಲ ನೋಡಿ, ಇನ್ನೇನು ಹಾಲಿನ ಲೈಟ್ ಆರಿಸಬೇಕು ಅನ್ನುವಾಗಲೇ ಮಕ್ಕಳಿಗೆ ನೆನಪಾಗುವುದು. ನಾಳೆ ಚಾರ್ಟ್ ಪೇಪರ್ ಬೇಕು. ನಾಳೆ ಗಾಂಧೀಜಿ ವೇಷ. ನಾಳೆ ಹತ್ತು ಥರದ ಎಲೆ ತರಬೇಕಂತೆ. ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊನ್ನೆ ಶನಿವಾರ ರಾತ್ರಿ ನಮ್ಮ ಮಗರಾಯನಿಗೆ ನೆನಪಾದದ್ದು ಬ್ಯಾಜು.

"ಅಮ್ಮಾ, ನಾಳೆ ಇನ್‌ಸ್ಪೆಕ್ಷನ್ ಐತಿ. ಎಲ್ಲಾ ಬ್ಯಾಜೂ ಹೊಸ ಅಂಗಿಗೆ ಬರಬೇಕಂತೆ."

ಬರಬೇಕಂತೆ! ಬ್ಯಾಜುಗಳು ತಾವೇ ಹಳೇ ಅಂಗಿಯಿಂದ ಇಳಿದು, ನಡೆದು ಬಂದು ಹೊಸ ಅಂಗಿಯ ತೋಳು ಹತ್ತುತ್ತವೆ ಅನ್ನುವ ಹಾಗೆ. ಹುಡುಗ ಬೆಳೆಯುತ್ತಾನೆ, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಅವನು ಒಂದಿಂಚು ಬೆಳೆದಾಗೆಲ್ಲ ಅಂಗಿ ಬದಲಾಗುತ್ತದೆ, ಅಂಗಿ ಬದಲಾದಾಗೆಲ್ಲ ಅಷ್ಟೂ ಬ್ಯಾಜುಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಬ್ಯಾಜಿನ ಹಿಂಬದಿಗೆ ಅಂಟಿಸಿರುವ ಆ ದಪ್ಪ ಬಟ್ಟೆ ಯಾವುದೋ ಗೊತ್ತಿಲ್ಲ, ಸೂಜಿ ಅದರೊಳಗೆ ಹೋಗುವ ಮೊದಲು ನನ್ನ ಬೆರಳಿನೊಳಗೆ ಹೋಗುತ್ತದೆ. ನಮ್ಮ ಬೀದಿ ಕೊನೆಯ ಟೈಲರ್ ಆಂಟಿ, "ಪಿಕೋ, ಫಾಲ್ ಆದ್ರೆ ಕೊಡ್ರಿ, ಇವನ್ನೆಲ್ಲ ಹೊಲದ್ರೆ ಮಷೀನ್ ಸೂಜಿ ಮುರೀತದ" ಅಂತ ಕೈಮುಗಿದು ವಾಪಸ್ ಕಳಿಸಿದ್ದಾರೆ. ನಮ್ಮನೆಯವರಂತೂ ಹೊಲಿಗೆಯ ವಿಷಯದಲ್ಲಿ ತಟಸ್ಥ ರಾಷ್ಟ್ರ.

ನಮ್ಮ ಚರ್ಚಿನಲ್ಲಿ ಹುಡುಗರದ್ದೊಂದು ದಳ ಇದೆ. ಬಾಯ್ಸ್ ಬ್ರಿಗೇಡ್ ಮಾದರಿಯದ್ದು. ಪರೇಡು, ಪ್ರಾರ್ಥನೆ, ಕ್ಯಾಂಪು, ಬ್ಯಾಂಡು, ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾಜು. ಅದನ್ನು ನಡೆಸುವ ಕ್ಯಾಪ್ಟನ್ ವಾರವಿಡೀ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಸಹಿ ಚೂರು ಹೊಂದದಿದ್ದರೂ ಚೆಕ್ಕು ತಿರುಗಿಸಿ ಕಳಿಸಿ ಅಭ್ಯಾಸವಾದ ಜೀವ. ಭಾನುವಾರ ಆರಾಧನೆ ಮುಗಿದ ಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಜೇಬಿನಿಂದ ಸ್ಕೇಲ್ ತೆಗೆದು, ಭುಜದ ಹೊಲಿಗೆಯಿಂದ ಬ್ಯಾಜಿನವರೆಗೆ ಅಳೆಯುತ್ತಾರೆ. "ಅರ್ಧ ಇಂಚು ಕೆಳಗೆ ಬಂದಿದೆ, ಅಮ್ಮನಿಗೆ ಹೇಳು" ಅನ್ನುತ್ತಾರೆ. ಅಮ್ಮ ಅಲ್ಲೇ ಹಿಂದೆ ನಿಂತಿರುತ್ತಾಳೆ, ಬೆರಳಿಗೆ ಪ್ಲಾಸ್ಟರ್ ಹಾಕಿಕೊಂಡು.

ಪೋಷಕರ ಸಭೆಯಲ್ಲೆಲ್ಲ ಅವರು ತಪ್ಪದೆ ಹೇಳುವ ಚರಿತ್ರೆಯೊಂದಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಅಂತ ಒಬ್ಬರು ಸಂಡೆ ಸ್ಕೂಲ್ ನಡೆಸುತ್ತಿದ್ದರು. ಹುಡುಗರ ಗಲಾಟೆ ತಡೆಯಲಾಗದೆ, ತಾವು ಸ್ವಯಂಸೇವಕ ಸೈನ್ಯದಲ್ಲಿ ಕಲಿತ ಕವಾಯತನ್ನೇ ಅವರಿಗೂ ಕಲಿಸಿದರೆ ಹೇಗೆ ಅಂತ ಯೋಚಿಸಿ, 1883ರ ಅಕ್ಟೋಬರ್ 4ರಂದು ಬಾಯ್ಸ್ ಬ್ರಿಗೇಡ್ ಶುರು ಮಾಡಿದರು. ನಮ್ಮ ಸಂಡೆ ಸ್ಕೂಲಿನ ಹಿಂದಿನ ಬೆಂಚನ್ನು ಒಂದು ಸಲ ನೋಡಿದವರಿಗೆ ಆ ಪುಣ್ಯಾತ್ಮನ ಕಷ್ಟ ತಿಳಿಯುತ್ತದೆ. ಸ್ಕೌಟ್ಸ್ ಕಟ್ಟಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮಾಡಿದ ಪ್ರಯೋಗದ ಶಿಬಿರಕ್ಕೂ ಬ್ರಿಗೇಡಿನ ಹುಡುಗರು ಹೋಗಿದ್ದರಂತೆ. ಇಲ್ಲಿಗೆ ಬಂದಾಗ ಕ್ಯಾಪ್ಟನ್ ಎದೆ ಉಬ್ಬುತ್ತದೆ: "ಸ್ಕೌಟ್ಸ್‌ಗೂ ನಾವೇ ಅಣ್ಣಂದಿರು!" ಬ್ರಿಗೇಡಿನ ಲಾಂಛನ ಲಂಗರು. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ 19ನೇ ವಚನದಿಂದ ಬಂದದ್ದು. ನಮ್ಮ ದಾವಣಗೆರೆಯಲ್ಲಿ ಲಂಗರು ಹಾಕಬೇಕೆಂದರೆ ಇರುವುದು ಕುಂದವಾಡ ಕೆರೆ ಒಂದೇ, ಇರಲಿ.

ಈ ಚರಿತ್ರೆಯಲ್ಲಿ ನನ್ನ ಮನಸ್ಸು ಮುಟ್ಟಿದ ಸಂಗತಿ ಬೇರೆ. ಮೊದಮೊದಲು ಆ ಹುಡುಗರಿಗೆ ಯೂನಿಫಾರ್ಮ್ ಅಂತ ಇದ್ದದ್ದು ಒಂದು ಟೋಪಿ, ಒಂದು ಬೆಲ್ಟು, ಹೆಗಲಿಗೊಂದು ಚೀಲ. ಮನೆಯ ಬಟ್ಟೆಯ ಮೇಲೇ ಅವನ್ನು ಹಾಕಿಕೊಂಡರೆ ಮುಗಿಯಿತು. ಬಡವರ ಮಕ್ಕಳಿಗೆ ಭಾರವಾಗಬಾರದು ಅಂತ. ಗ್ಲಾಸ್ಗೋದ ತಾಯಂದಿರು ಶನಿವಾರ ರಾತ್ರಿ ನಿದ್ದೆ ಮಾಡುತ್ತಿದ್ದಿರಬೇಕು. ಬ್ರಿಟನ್ನಿನಲ್ಲಿ ಇವರ ಅತಿ ದೊಡ್ಡ ಬ್ಯಾಜಿಗೆ ಪಟ್ಟದಲ್ಲಿ ರಾಜ ಇದ್ದರೆ ಕಿಂಗ್ಸ್ ಬ್ಯಾಜ್, ರಾಣಿ ಇದ್ದರೆ ಕ್ವೀನ್ಸ್ ಬ್ಯಾಜ್ ಅನ್ನುತ್ತಾರಂತೆ. ಯಾರೇ ಇರಲಿ, ಹೊಲಿಯುವವಳು ಅಡುಗೆಮನೆಯಲ್ಲೇ ಇದ್ದಾಳೆ.

ಬ್ಯಾಜೆಂದರೆ ಬರೀ ಹೊಲಿಗೆಯಾಗಿದ್ದರೆ ಹೇಗೋ ಸಹಿಸಬಹುದಿತ್ತು. ಪ್ರತಿ ಬ್ಯಾಜಿಗೂ ಒಂದು ಪುಸ್ತಕ, ಪುಸ್ತಕದಲ್ಲಿ ಸಾಲುಸಾಲು ಕೆಲಸ, ಪ್ರತಿ ಕೆಲಸದ ಎದುರಿಗೆ "ಪೋಷಕರ ಸಹಿ". ಆ ಕೆಲಸಗಳೆಲ್ಲ ನಡೆಯಬೇಕಾದದ್ದು ನಮ್ಮ ಮನೆಯಲ್ಲಿ, ನಮ್ಮ ಮೇಲೆ. ಮಗ ಸಾಧಕನಾದ, ನಾವು ಸಾಧನಗಳಾದೆವು.

ಅದರಲ್ಲೂ ಪ್ರಥಮ ಚಿಕಿತ್ಸೆಯ ಬ್ಯಾಜು. ಅದನ್ನು ನಮ್ಮ ಬೀದಿ ಇನ್ನೂ ಮರೆತಿಲ್ಲ.

ಮುರಿದ ಕಾಲು, ಪೆಟ್ಟಾದ ಕೈ, ಏಟು ಬಿದ್ದ ದವಡೆ, ಮೂರಕ್ಕೂ ಕಟ್ಟು ಕಟ್ಟಿ ತೋರಿಸಬೇಕಿತ್ತು. ಮೂವರು ರೋಗಿಗಳು ಎಲ್ಲಿಂದ ಬರಬೇಕು? ಮನೆಯಲ್ಲಿದ್ದವರು ಮಾವನವರೊಬ್ಬರೇ. ಅತ್ತೆ ಮಹಿಳೆಯರ ಪ್ರಾರ್ಥನೆಗೆ ಹೋಗಿದ್ದರು, ನಾನು ಆಫೀಸಿನಲ್ಲಿದ್ದೆ. ಮಗ ಅಜ್ಜನನ್ನು ದಿವಾನದ ಮೇಲೆ ಮಲಗಿಸಿ, ಕಾಲಿಗೆ ಎರಡು ಕ್ರಿಕೆಟ್ ಸ್ಟಂಪು ಇಟ್ಟು, ನನ್ನ ಹೊಸ ವೇಲ್‌ನಿಂದ ಬಿಗಿದ. ಮುರಿದ ಕಾಲನ್ನು ಸರಿಯಿರುವ ಕಾಲಿಗೆ ಸೇರಿಸಿ ಕಟ್ಟಬೇಕು, ಪಾದಗಳನ್ನೂ ಜೋಡಿಸಬೇಕು ಅಂತ ಪುಸ್ತಕದಲ್ಲಿದೆ, ಹಾಗೇ ಮಾಡಿದ. ಕೈಯನ್ನು ಎದೆಯ ಮೇಲಿಟ್ಟು ಕಟ್ಟಿದ. ಕೊನೆಗೆ ಅತ್ತೆಯವರ ಹಳೇ ಬಿಳೀ ಸೀರೆಯ ತುಂಡನ್ನು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದ. "ಅಲುಗಾಡಬ್ಯಾಡ ಅಜ್ಜಾ, ಕ್ಯಾಪ್ಟನ್ ನೋಡಿ ಸೈನ್ ಮಾಡ್ಬೇಕು" ಅಂದವನೇ ಸೈಕಲ್ ಹತ್ತಿ ಅವರನ್ನು ಕರೆಯಲು ಹೋದ. ಬಾಗಿಲು ತೆರೆದೇ ಇತ್ತು. ಮಾವನವರು ಮೊಮ್ಮಗನ ಮಾತು ಮೀರುವವರಲ್ಲ. ಅಲುಗಾಡಲಿಲ್ಲ. ಫ್ಯಾನಿನ ಗಾಳಿಗೆ ಹಾಯಾಗಿ ಕಣ್ಣು ಮುಚ್ಚಿದರು.

ಇನ್ನು ನೀವೇ ಕಲ್ಪಿಸಿಕೊಳ್ಳಿ. ನೆಟ್ಟಗೆ ಮಲಗಿದ ವಯಸ್ಸಾದ ಮನುಷ್ಯ, ಎದೆಯ ಮೇಲೆ ಕೈ, ಜೋಡಿಸಿ ಕಟ್ಟಿದ ಪಾದ, ಬಿಳೀ ಬಟ್ಟೆಯಲ್ಲಿ ಬಿಗಿದ ದವಡೆ. ಸಕ್ಕರೆ ಕೇಳಲು ಬಂದ ಎದುರುಮನೆ ಆಂಟಿ ಬಾಗಿಲಲ್ಲಿ ನಿಂತು ನೋಡಿದ್ದಾರೆ. ಬಟ್ಟಲು ಅಲ್ಲೇ ಬಿಟ್ಟು ಓಡಿದ್ದಾರೆ.

ಬೀದಿ ಅಂದರೆ ಬೀದಿ. ಅರ್ಧ ಗಂಟೆಯೊಳಗೆ ಒಬ್ಬರು ಚರ್ಚಿಗೆ ಫೋನ್ ಮಾಡಿದ್ದರು, ಒಬ್ಬರು ಸರ್ಕಲ್ಲಿಗೆ ಹೋಗಿ ಹಾರ ತಂದಿದ್ದರು, ಇನ್ನೊಬ್ಬರು ಶಾಮಿಯಾನದವರ ನಂಬರ್ ಹುಡುಕುತ್ತಿದ್ದರು. ಮೂಲೆಮನೆಯ ನಿವೃತ್ತ ಮೇಷ್ಟ್ರು ಹುಬ್ಬಳ್ಳಿಯಲ್ಲಿರುವ ನನ್ನ ನಾದಿನಿಗೂ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ನಾನು ಆಫೀಸಿನಿಂದ ಬಂದು ಸ್ಕೂಟಿ ನಿಲ್ಲಿಸಿ ನೋಡುತ್ತೇನೆ, ಬಾಗಿಲ ಮುಂದೆ ಚಪ್ಪಲಿಯ ರಾಶಿ. ನಮ್ಮ ಕಡೆ ಮನೆ ಮುಂದೆ ಅಷ್ಟು ಚಪ್ಪಲಿ ಬೀಳುವುದು ಎರಡೇ ಕಾರಣಕ್ಕೆ, ಮದುವೆ ಅಂತೂ ಯಾರದ್ದೂ ಇರಲಿಲ್ಲ. ನನ್ನ ಕೈಕಾಲು ಬಿದ್ದುಹೋದವು. ಒಳಗೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಬೈಬಲ್ ತೆರೆದು ನಿಂತಿದ್ದರು.

ಅಯ್ಯನವರ ಗಂಟಲು ದೊಡ್ಡದು. ಅವರ "ಕರ್ತನೇ" ಕೇಳಿಯೇ ಮಾವನವರಿಗೆ ಎಚ್ಚರವಾದದ್ದು. ಕಣ್ಣು ಬಿಟ್ಟರು. ಸುತ್ತ ಇಡೀ ಬೀದಿ. ಏನಾಯಿತು ಅಂತ ಕೇಳಬೇಕು, ದವಡೆ ಬಿಡುವುದಿಲ್ಲ. "ಮ್ಮ್... ಮ್ಮ್ಮ್" ಅಂದರು. ಎದುರುಮನೆ ಆಂಟಿ ಕಿರುಚಿದ ಕಿರುಚಿಗೆ ಬೀದಿನಾಯಿಗಳೆಲ್ಲ ಒಂದಾದವು. ಹಾರ ಹಿಡಿದಿದ್ದವರು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಆ ಹೊತ್ತಿಗೆ ಸರಿಯಾಗಿ ಕ್ಯಾಪ್ಟನ್ ಬಂದರು. ಹಿಂದೆ ನಮ್ಮ ಮಗರಾಯ, ಕೈಯಲ್ಲಿ ಪುಸ್ತಕ. ಯಾರು ಅಳುತ್ತಿದ್ದಾರೆ, ಯಾರು ಪ್ರಾರ್ಥಿಸುತ್ತಿದ್ದಾರೆ, ಯಾರಿಗೆ ಬವಳಿ ಬಂದಿದೆ, ಒಂದನ್ನೂ ಕೇಳಲಿಲ್ಲ ಆ ಮನುಷ್ಯ. ಗುಂಪು ಸರಿಸಿಕೊಂಡು ನೇರ ಮಾವನವರ ಪಾದದ ಹತ್ತಿರ ಬಗ್ಗಿದರು. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಆಮೇಲೆ ತಲೆಯಾಡಿಸಿದರು.

"ಇದು ರೀಫ್ ನಾಟ್ ಅಲ್ಲಪ್ಪಾ. ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ನೀನು ಎರಡು ಸಲವೂ ಬಲದ್ದೇ ಮೇಲೆ ಹಾಕಿದ್ದೀಯ. ಬಿಚ್ಚು, ಮತ್ತೆ ಕಟ್ಟು."

ಮತ್ತೆ ಕಟ್ಟಿದ! ಅಯ್ಯನವರು, ನಾನು, ಬೀದಿಯ ಸಮಸ್ತರು ಸುತ್ತ ನಿಂತು ನೋಡಿದೆವು. ಕಾಲಿನದ್ದಾಯಿತು, ಕೈಯದಾಯಿತು. ದವಡೆಯ ಗಂಟಿಗೆ ಬಂದಾಗ ಮಾತ್ರ ಮಾವನವರು ಸಿಕ್ಕ ಆ ಒಂದು ನಿಮಿಷ ಬಿಡಲಿಲ್ಲ. "ಮೊದ್ಲು ಒಂದ್ ಲೋಟ ಚಾ ಕೊಡ್ರಿ, ಆಮ್ಯಾಲೆ ಬೇಕಾದ್ರೆ ಹೂಳ್ರಿ" ಅಂದರು. ಹಾರ ವಾಪಸ್ ತಗೊಳ್ಳುವುದಿಲ್ಲ ಅಂತ ಹೂವಿನವಳು ಮೊದಲೇ ಹೇಳಿದ್ದಳಂತೆ. ಮಾವನವರೇ ತೀರ್ಪು ಕೊಟ್ಟರು: "ತಂದದ್ದು ತಂದೀರಿ, ಕ್ಯಾಪ್ಟನ್‌ಗೆ ಹಾಕ್ರಿ." ಕ್ಯಾಪ್ಟನ್ ಸಂಕೋಚಪಟ್ಟುಕೊಂಡೇ ಹಾಕಿಸಿಕೊಂಡರು. ನಾದಿನಿಗೆ ಫೋನ್ ಹತ್ತುವ ಹೊತ್ತಿಗೆ ಅವರ ಬಸ್ಸು ರಾಣೆಬೆನ್ನೂರು ದಾಟಿತ್ತು. ಬಂದು, ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ ಅಪ್ಪನನ್ನು ಕಂಡು ಮೊದಲು ಅತ್ತರು, ಆಮೇಲೆ ನನ್ನನ್ನು ಬೈದರು. ಮರುದಿನ ಬೆಣ್ಣೆದೋಸೆ ತಿಂದು ಹೋದರು.

ಆ ಬ್ಯಾಜು ಮುಂದಿನ ಭಾನುವಾರ ಬಂತು. ಹಳೇ ನಾಲ್ಕಾಣೆಗಿಂತ ತುಸು ದೊಡ್ಡದು. ಮಾವನವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದು, ಒಂದು ಹಿತ್ತಾಳೆ ಬಿಲ್ಲೆ ತಂದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರು ಇಲ್ಲಿನದೊಂದು ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿತು, ಬಿಲ್ಲೆ ಉಳಿಯಿತು. ಅದರ ಮೇಲೆ ಹೆಸರಿಲ್ಲ, ಒಂದು ನಂಬರ್ ಇದೆ, ಅದೂ ಸವೆದಿದೆ.

"ಇದು ಯಾವುದಕ್ಕೆ ಕೊಟ್ಟಿದ್ದು ಅಜ್ಜಾ?" ಅಂತ ಮಗ ಕೇಳಿದ.

"ಗೇಟಿನೊಳಗ ಬಿಡಾಕೆ" ಅಂದರು ಮಾವ.

ಮಗ ಅದನ್ನು ತನ್ನ ತೋಳಿನ ಮೇಲೆ ಇಟ್ಟು ನೋಡಿದ. ಹೊಲಿಯಲು ಬರುವುದಿಲ್ಲ, ತೂತು ಒಂದೇ ಇದೆ ಅಂದೆ. ಯಾಕೋ ನನ್ನ ಗಂಟಲು ಕಟ್ಟಿತ್ತು.

ಆದರೆ ಮರುದಿನವೇ ಅಡುಗೆಯ ಬ್ಯಾಜು ಶುರುವಾದ್ದರಿಂದ ಕರಗಿ ಕೂರಲು ಪುರುಸೊತ್ತು ಸಿಗಲಿಲ್ಲ. ಮಗರಾಯ ಚಹಾ ಮಾಡಿದ, ಉಪ್ಪಿಟ್ಟು ಮಾಡಿದ. ಮಾಡಿದ ಅಂದರೆ, ರವೆ ಎಲ್ಲಿ, ಸಾಸಿವೆ ಯಾವುದು, ನೀರು ಎಷ್ಟು, ಈಗ ಏನು ಮಾಡಲಿ ಅಂತ ಕೇಳುತ್ತಾ ನಿಂತ. ಇದ್ದಬದ್ದ ಪಾತ್ರೆಯೆಲ್ಲ ಸಿಂಕಿಗೆ ಬಂತು. ಪಾತ್ರೆ ತೊಳೆಯುವುದು ಪುಸ್ತಕದಲ್ಲಿಲ್ಲವಂತೆ. ಅವನ ಅಕ್ಕ, ದಿನಾ ಸಂಜೆ ಕಾಲೇಜಿನಿಂದ ಬಂದು ಮನೆಮಂದಿಗೆಲ್ಲ ಚಹಾ ಮಾಡುವವಳು, ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡಿದಳು. "ಅಮ್ಮಾ, ನಂದೆಲ್ಲಾ ಲೆಕ್ಕ ಹಾಕಿದ್ರೆ ತೋಳು ಸಾಲ್ತದಾ?" ಅಂದಳು. ನಾನು ಸಹಿ ಹಾಕುತ್ತಿದ್ದೆ. ಪೆನ್ನು ಒಂದು ಗಳಿಗೆ ನಿಂತಿತು ಅಂತ ಒಪ್ಪಿಕೊಳ್ಳಬೇಕು.

ಚಾರಣದ ಬ್ಯಾಜಿಗೆ ಹುಡುಗರನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದಾಗ ಜೊತೆಗೆ ಕೆಲವು ತಾಯಂದಿರೂ ಹೋದೆವು, ಚಿತ್ರಾನ್ನ ಮೊಸರನ್ನದ ಡಬ್ಬಿ ಹೊರಲು ಯಾರಾದರೂ ಬೇಕಲ್ಲ. ಓಬವ್ವನ ಕಿಂಡಿಯ ಮುಂದೆ ಕ್ಯಾಪ್ಟನ್ ಧೈರ್ಯದ ಬಗ್ಗೆ ಭಾಷಣ ಮಾಡಿದರು. ನಾನು ಆ ಕಿಂಡಿಯನ್ನೇ ನೋಡುತ್ತಿದ್ದೆ. ಉಣ್ಣಲು ಕೂತ ಗಂಡನಿಗೆ ನೀರು ತರಲು ಬಂದ ಹೆಂಗಸು, ಕೈಗೆ ಸಿಕ್ಕ ಒನಕೆಯಲ್ಲೇ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಕೆಡವಿದಳು. ಅವಳ ಹೆಸರಿನಲ್ಲಿ ಸರ್ಕಾರ ನವೆಂಬರ್ 11ರಂದು ಜಯಂತಿ ಆಚರಿಸಲು ಶುರು ಮಾಡಿದ್ದು 2021ರಲ್ಲಿ. ಎರಡು ಶತಮಾನ ದಾಟಿ ಹೋಗಿತ್ತು. ಪುಸ್ತಕದಲ್ಲಿ ಪೋಷಕರ ಸಹಿ ಬಿಟ್ಟುಹೋಗಿತ್ತೋ ಏನೋ. ಗಂಡ ಕಹಳೆ ಊದುವವನು, ಊಟಕ್ಕೆ ಕೂತಿದ್ದ.

ಕಹಳೆ ಅಂದೆನಲ್ಲ. ಈ ವಾರದಿಂದ ಬ್ಯಾಂಡಿನ ಬ್ಯಾಜು. ಮನೆಯಲ್ಲಿ ಅಭ್ಯಾಸ ಮಾಡಲಿ ಅಂತ ಕ್ಯಾಪ್ಟನ್ ಒಂದು ಬ್ಯೂಗಲ್ ಕೊಟ್ಟು ಕಳಿಸಿದ್ದಾರೆ. ದಿನಾ ಅರ್ಧ ಗಂಟೆ, ಎದುರಿಗೆ ಪೋಷಕರ ಸಹಿ. ಸ್ವರ ಇನ್ನೂ ಹೊರಟಿಲ್ಲ. ಹೊರಟದ್ದು ಏನು ಅಂತ ಹೇಳಲು ನನಗೆ ಪದ ಸಿಗುತ್ತಿಲ್ಲ, ಮಾವನವರು ಮಾತ್ರ ಕಿವಿಗೆ ಹತ್ತಿ ತುರುಕಿಕೊಂಡು, ಗಿರಣಿಯ ಸೈರನ್ ಇದಕ್ಕಿಂತ ಇಂಪಾಗಿತ್ತು ಅನ್ನುತ್ತಾರೆ. ನಿನ್ನೆ ಸಂಜೆ ಮಗ ಮೊದಲ ಸಲ ಉಸಿರು ಕಟ್ಟಿ ಊದಿದ್ದಕ್ಕೆ ಎದುರುಮನೆ ಆಂಟಿ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ.

"ಈ ಸಲ ಮೊದ್ಲೇ ಕೇಳ್ಕಂಡು ಹೋಗಾನ ಅಂತ ಬಂದೆ" ಅಂದರು. "ಯಾರಿಗೂ ಏನೂ ಆಗಿಲ್ಲ ಹೌದಿಲ್ಲೋ?"

"ಸದ್ಯಕ್ಕಿಲ್ಲ" ಅಂದೆ. "ಇನ್ನೂ ಇಪ್ಪತ್ತು ನಿಮಿಷ ಬಾಕಿ ಐತ್ರಿ."