ಟಿಎಸ್‌ಎಚ್ ನಾರ್ಮಲ್ ಬಂತು ಅಂತ ಬಿಟ್ಟುಬಿಡಬೇಡಿ

ಹದಿಹರೆಯದ ಮಕ್ಕಳ ಕತ್ತಿನಲ್ಲಿ ಗಂಟು ಕಂಡರೆ ಮೊದಲು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುತ್ತಾರೆ. ನಾರ್ಮಲ್ ಬಂದರೆ ಎಲ್ಲರಿಗೂ ನಿರಾಳ. ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ವಿಷಯದಲ್ಲಿ ಆ ನಿರಾಳಕ್ಕೆ ಕಾಸಿನ ಬೆಲೆಯಿಲ್ಲ. ಇದು ಹುಟ್ಟುವುದು ಥೈರಾಯ್ಡ್ ಹಾರ್ಮೋನ್ ಮಾಡುವ ಕೋಶಗಳಲ್ಲಲ್ಲ, ಸಿ-ಕೋಶಗಳಲ್ಲಿ. ಅವು ಸುರಿಸುವುದು ಕ್ಯಾಲ್ಸಿಟೋನಿನ್ ಎಂಬ ಬೇರೆ ಹಾರ್ಮೋನ್. ಅಳೆಯಬೇಕಾದ್ದು ಅದನ್ನು, ಜತೆಗೆ ಸಿಇಎ ಎಂಬ ಕ್ಯಾನ್ಸರ್ ಸೂಚಕ ಪ್ರೋಟೀನನ್ನು.

ಸೂಜಿ ಪರೀಕ್ಷೆಯ ವರದಿ ಗೊಂದಲಮಯವಾಗಿದ್ದರೆ ಸೂಜಿ ತೊಳೆದ ದ್ರವದಲ್ಲೂ ಕ್ಯಾಲ್ಸಿಟೋನಿನ್ ನೋಡಬಹುದು. ಗಡ್ಡೆ ದೊಡ್ಡದಿದ್ದೂ ಅಂಕಿ ಸಣ್ಣದಾಗಿ ಬಂದರೆ ಲ್ಯಾಬಿನವರಿಗೆ ಸ್ಯಾಂಪಲ್ ತೆಳುಮಾಡಿ ಮತ್ತೆ ಅಳೆಯಲು ಹೇಳಿ. ಹಾರ್ಮೋನ್ ವಿಪರೀತ ಹೆಚ್ಚಿದ್ದಾಗ ಕೆಲವು ಯಂತ್ರಗಳು ಸುಳ್ಳು ಹೇಳುತ್ತವೆ.

ಇನ್ನು ಮಗುವನ್ನೇ ಸರಿಯಾಗಿ ನೋಡಿ. ದಪ್ಪ ತುಟಿ, ನಾಲಗೆಯ ತುದಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳಂಥ ಉಬ್ಬು, ಉದ್ದನೆಯ ಕೈಕಾಲು, ಹಸುಳೆಯಿಂದಲೂ ಬಿಡದ ಮಲಬದ್ಧತೆ, ಅತ್ತರೂ ಕಣ್ಣೀರು ಬಾರದಿದ್ದದ್ದು: ಇವು ಈ ಕ್ಯಾನ್ಸರ್ ತರುವ ಎಂಇಎನ್-2ಬಿ ಎಂಬ ಜೀನ್ ಕಾಯಿಲೆಯ ಸುಳಿವುಗಳು. ಇದರಲ್ಲಿ ರೆಟ್ ಜೀನಿನ ದೋಷ ಬಹುಪಾಲು ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಹಾಗಾಗಿ 'ಮನೆಯಲ್ಲಿ ಯಾರಿಗಾದರೂ ಇತ್ತೇ?' ಎಂದು ಕೇಳಿ, ಇಲ್ಲ ಅಂದಾಗ ಸುಮ್ಮನಾಗುವುದು ತಪ್ಪು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಎಡವಟ್ಟು ಅಡ್ರಿನಲ್ ಗಡ್ಡೆ ಪತ್ತೆಹಚ್ಚುವ ಮೆಟನೆಫ್ರಿನ್ ಪರೀಕ್ಷೆ ಮಾಡಿಸದೆ ಆಪರೇಷನ್ನಿಗೆ ಕರೆದೊಯ್ಯುವುದು. ರೆಟ್ ದೋಷವಿದ್ದವರಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೊಸೈಟೋಮ ಎಂಬ ಬಿಪಿ ಏರಿಸುವ ಗಡ್ಡೆಯೂ ಬರಬಹುದು, ಅದು ಅಡಗಿದ್ದರೆ ಅರಿವಳಿಕೆಯ ಹೊತ್ತಿನಲ್ಲಿ ಬಿಪಿ ಆಕಾಶಕ್ಕೇರಿ ಜೀವಕ್ಕೇ ಕುತ್ತು. ಅದು ಇದ್ದರೆ ಮೊದಲು ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಔಷಧ, ಬೇಕಿದ್ದರೆ ಆಮೇಲೆ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್. ತಿರುವುಮುರುವಾದರೆ ರಕ್ತನಾಳಗಳು ಇನ್ನಷ್ಟು ಬಿಗಿದುಕೊಳ್ಳುತ್ತವೆ. ಅಡ್ರಿನಲ್ ಗಡ್ಡೆಯ ಸರ್ಜರಿ ಮುಗಿದ ಮೇಲಷ್ಟೇ ಕತ್ತಿನದು.

ಕತ್ತಿನಲ್ಲಿ ಇಡೀ ಥೈರಾಯ್ಡನ್ನೂ ನಡುಭಾಗದ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಅಕ್ಕಿಕಾಳಿನಷ್ಟಿರುವ, ರಕ್ತದ ಕ್ಯಾಲ್ಸಿಯಂ ಕಾಯುವ ನಾಲ್ಕು ಪ್ಯಾರಾಥೈರಾಯ್ಡ್‌ಗಳನ್ನೂ ದನಿಯ ನರವನ್ನೂ ಉಳಿಸಲು ಪಳಗಿದ ಕೈ ಬೇಕು. ಮಾರನೆಯ ದಿನ ತುಟಿ, ಬೆರಳು ಜುಮುಜುಮು ಅಂದರೆ ಕ್ಯಾಲ್ಸಿಯಂ ಇಳಿಯುತ್ತಿದೆ ಅಂತ ತಿಳಿದು ಕೂಡಲೇ ಹೇಳಿ.

ರೇಡಿಯೋ ಅಯೋಡಿನ್ ಇಲ್ಲಿ ಕೆಲಸಕ್ಕೆ ಬಾರದು, ಸಿ-ಕೋಶಗಳು ಅಯೋಡಿನ್ ಹೀರುವುದೇ ಇಲ್ಲ. ಥೈರಾಕ್ಸಿನ್ ಮಾತ್ರೆ ಕೊರತೆ ತುಂಬಲಷ್ಟೇ, ಟಿಎಸ್‌ಎಚ್ ತುಳಿಯಲು ಅಲ್ಲ. ಆಪರೇಷನ್ ಆಗಿ ಮೂರು ತಿಂಗಳಿಗೆ ಕ್ಯಾಲ್ಸಿಟೋನಿನ್ ಮತ್ತೆ ನೋಡಬೇಕು. ಮಿಲಿಲೀಟರಿಗೆ 150 ಪಿಕೋಗ್ರಾಂ ದಾಟಿದರೆ ಸ್ಕ್ಯಾನ್. ಆರು ತಿಂಗಳೊಳಗೆ ದುಪ್ಪಟ್ಟಾಗುತ್ತಿದ್ದರೆ ಕಾಯಿಲೆ ಚುರುಕಾಗಿದೆ ಅಂತಲೇ ಲೆಕ್ಕ. ಹರಡಿದ, ರೆಟ್ ದೋಷವಿರುವ ಕಾಯಿಲೆಗೆ ಸೆಲ್ಪರ್ಕ್ಯಾಟಿನಿಬ್ ಎಂಬ ಔಷಧ ಇದೆ. ಅಮೆರಿಕದಲ್ಲಿ 2020ರಲ್ಲೇ 12 ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಸಿಕ್ಕಿತು.

ರೆಟ್ ವರದಿಯಲ್ಲಿ ದೋಷ ಕಂಡರೆ ತಂದೆತಾಯಿ, ಒಡಹುಟ್ಟಿದವರ ರಕ್ತವನ್ನೂ ಕಳಿಸಿ. ಈ ಜೀನಿನ 634ನೇ ಸ್ಥಾನದಲ್ಲಿ ದೋಷ ಹೊತ್ತ ತಂಗಿಗೋ ತಮ್ಮನಿಗೋ ಐದು ವರ್ಷ ತುಂಬುವುದರೊಳಗೆ, ಗಂಟು ಮೂಡುವ ಮೊದಲೇ, ಥೈರಾಯ್ಡ್ ತೆಗೆಸಬೇಕಾಗುತ್ತದೆ.